ಹಡ್ಲಿನ ಕೆಸರಿನಲ್ಲಿ ಯಾರ ಹೆಜ್ಜೆ?

ಮಕ್ಕಳೇ, ನಿನ್ನೆ ರಾತ್ರಿ ನೀವು ಮಲಗಿದ್ದಾಗ ನಿಮ್ಮೂರಿನ ಕೆರೆಗೆ ಯಾರು ಯಾರು ಬಂದಿದ್ದರು ಗೊತ್ತೇ? ಅಮ್ಮನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಅಜ್ಜನನ್ನು ಕೇಳಿ ನೋಡಿ. "ಬಾ, ಕೆಸರನ್ನೇ ಕೇಳೋಣ" ಎಂದು ಕೈಹಿಡಿದು ಕರೆದುಕೊಂಡು ಹೋದಾರು!

ಹುಣಸೂರು ತಾಲ್ಲೂಕಿನ ಹನಗೋಡಿನ ಕಡೆಯ ಮಕ್ಕಳಿಗೆ ಈ ಭಾಗ್ಯ ಹೆಚ್ಚು. ಅಲ್ಲಿ ಲಕ್ಷ್ಮಣತೀರ್ಥ ನದಿ ಹರಿಯುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಹನಗೋಡಿನ ಅಣೆಕಟ್ಟೆಯಲ್ಲಿ ಒಂದಿಷ್ಟು ನೀರನ್ನು ಕಾಲುವೆಗೆ ಕೊಟ್ಟು, ಹುಣಸೂರು ದಾಟಿ ಕಾವೇರಿಯನ್ನು ಸೇರುವ ನದಿ ಅದು. ಒಂದು ಪಕ್ಕದಲ್ಲಿ ನಾಗರಹೊಳೆಯ ಕಾಡು, ಇನ್ನೊಂದು ಪಕ್ಕದಲ್ಲಿ ಭತ್ತದ ಗದ್ದೆ, ಜೋಳ, ಶುಂಠಿ, ಹೊಗೆಸೊಪ್ಪಿನ ಹೊಲಗಳು. ಕಾಡಿನೊಳಗೆ ಅಲ್ಲಲ್ಲಿ ಮರಗಳಿಲ್ಲದ, ಹುಲ್ಲು ಬೆಳೆದ, ನೀರು ಜಿನುಗುವ ತಗ್ಗು ಜಾಗಗಳಿವೆ. ಅವಕ್ಕೆ ಹಡ್ಲು ಎನ್ನುತ್ತಾರೆ. ಕಾಲಿಟ್ಟರೆ ಪಚಕ್ಕೆಂದು ಹೂತುಕೊಳ್ಳುವ ಕೆಸರು. ಬೇರೆಲ್ಲ ಕಡೆ ಹುಲ್ಲು ಒಣಗಿದಾಗಲೂ ಹಡ್ಲಿನಲ್ಲಿ ಹಸಿರು ಉಳಿದಿರುತ್ತದೆ. ಆದ್ದರಿಂದ ಆನೆ, ಕಾಟಿ, ಕಡವೆ, ಜಿಂಕೆ ಎಲ್ಲಕ್ಕೂ ಅದು ಊಟದ ಮನೆ. ಅವು ಬಂದಮೇಲೆ ಹುಲಿಯೂ ಬರಬೇಕಲ್ಲ!

ಕೆಸರು ಓದುವುದು ಹೇಗೆ?

ಅಕ್ಷರ ಕಲಿತ ಹಾಗೆ ಕೆಸರಿನ ಅಕ್ಷರವನ್ನೂ ಕಲಿಯಬಹುದು. ನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಅವುಗಳ ತುದಿಯಲ್ಲಿ ಉಗುರಿನ ಚುಕ್ಕೆ ಕಾಣುತ್ತದೆ. ಬೆಕ್ಕಿನದರಲ್ಲಿ ನಾಲ್ಕು ಬೆರಳು ಮಾತ್ರ. ನಡೆಯುವಾಗ ಅದು ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಚಿರತೆ, ಹುಲಿಗಳೂ ಬೆಕ್ಕಿನ ಮನೆತನದವೇ ಆದ್ದರಿಂದ ಅವುಗಳ ಗುರುತೂ ಹಾಗೆಯೇ, ಆದರೆ ದೊಡ್ಡದು. ಜಿಂಕೆಗೆ ಎರಡು ಗೊರಸು. ಕಾಡುಹಂದಿಗೂ ಎರಡೇ, ಆದರೆ ಮೆತ್ತನೆಯ ಕೆಸರಿನಲ್ಲಿ ಹಿಂದುಗಡೆ ಇನ್ನೆರಡು ಚಿಕ್ಕ ತೂತು ಬೀಳುತ್ತವೆ. ಮುಂಗುಸಿ, ಪುನುಗಿನ ಬೆಕ್ಕುಗಳಿಗೆ ಐದು ಬೆರಳು. ನೀರುನಾಯಿಗೂ ಐದು, ಜೊತೆಗೆ ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಜಾಲಪೊರೆ.

ಆನೆಯ ಹೆಜ್ಜೆಯಲ್ಲಿ ಒಂದು ಲೆಕ್ಕವೇ ಅಡಗಿದೆ. ಮುಂಗಾಲಿನ ಗುಂಡನೆಯ ಗುರುತಿನ ಸುತ್ತ ಒಂದು ದಾರ ಇಟ್ಟು ಅಳೆಯಿರಿ. ಅದನ್ನು ಎರಡರಿಂದ ಗುಣಿಸಿ. ಹೆಚ್ಚುಕಡಿಮೆ ಅದೇ ಆನೆಯ ಭುಜದ ಎತ್ತರ! ಸುತ್ತಳತೆ ನಾಲ್ಕು ಅಡಿ ಬಂದರೆ ಆನೆ ಎಂಟು ಅಡಿ ಎತ್ತರದ್ದು. ಆದರೆ ಗುರುತಿನಲ್ಲಿ ಇನ್ನೂ ನೀರು ಒಸರುತ್ತಿದ್ದರೆ ದಾರ ಹಿಡಿದು ಕೂರಬೇಡಿ. ಆನೆ ದೂರ ಹೋಗಿಲ್ಲವೆಂದೇ ಅದರ ಅರ್ಥ. ಮೊದಲು ಮನೆ ಸೇರಿ.

ಈ ವಿದ್ಯೆಯಲ್ಲಿ ಹನಗೋಡಿನ ಸುತ್ತಲಿನ ಹಾಡಿಗಳ ಜೇನುಕುರುಬರು ಪಂಡಿತರು. ಯಾವ ಪ್ರಾಣಿ, ಎಷ್ಟು ಹೊತ್ತಾಯಿತು, ನಡೆದು ಹೋಯಿತೋ ಓಡಿ ಹೋಯಿತೋ ಎಂಬುದನ್ನೆಲ್ಲ ಅವರಲ್ಲಿನ ಹಿರಿಯರು ಒಂದು ನೋಟದಲ್ಲಿ ಹೇಳಬಲ್ಲರು.

ಕೈತೊಳೆಯುವ ಪ್ರಾಣಿ

ಕಾರ್ಟೂನಿನಲ್ಲಿ ನೀವು ರಕೂನ್ ನೋಡಿರಬಹುದು. ಕಣ್ಣಿನ ಸುತ್ತ ಕಳ್ಳನ ಮುಖವಾಡದಂಥ ಕಪ್ಪು ಪಟ್ಟೆ, ಬಾಲದ ಮೇಲೆ ಬಳೆಬಳೆ. ಅದರ ತವರು ಅಮೆರಿಕ. ನಮ್ಮ ಕಾಡಿನಲ್ಲಿ ಇಲ್ಲ. ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ ಬಂದ ಅದರ ಹೆಸರಿಗೆ 'ಕೈಯಿಂದ ಉಜ್ಜುವವನು, ಕೆರೆಯುವವನು' ಎಂಬ ಅರ್ಥವಿದೆ. ತೊರೆಯ ಅಂಚಿನ ಕೆಸರಿನಲ್ಲಿ ಕುಳಿತು, ಎಲ್ಲೋ ನೋಡುತ್ತಾ, ನೀರೊಳಗೆ ಕೈಯಾಡಿಸಿ ಏಡಿ, ಕಪ್ಪೆಗಳನ್ನು ಹಿಡಿಯುತ್ತದೆ. ಒದ್ದೆಯಾದಾಗ ಅದರ ಅಂಗೈಗೆ ಸ್ಪರ್ಶ ಇನ್ನೂ ಚೆನ್ನಾಗಿ ತಿಳಿಯುತ್ತದಂತೆ. ಕೆಸರಿನಲ್ಲಿ ಬಿದ್ದ ಅದರ ಗುರುತು ಪುಟ್ಟ ಮಗುವಿನ ಕೈಯಚ್ಚಿನಂತೆಯೇ ಇರುತ್ತದೆ.

ರಕೂನಿನ ತುಪ್ಪಳದ ಆಸೆಗೆ ಜನ ಅದನ್ನು ಹಿಡಿಯುತ್ತಾ ಬಂದಿದ್ದಾರೆ. ಹಿಡಿಯುವವರು ಕಾಡೆಲ್ಲ ಅಲೆಯುವುದಿಲ್ಲ. ನೇರವಾಗಿ ಕೆಸರಿನ ದಂಡೆಗೆ ಹೋಗುತ್ತಾರೆ. ಏಕೆಂದರೆ ಎಲ್ಲೇ ತಿರುಗಿದರೂ ಪ್ರಾಣಿ ನೀರಿಗೆ ಬರಲೇಬೇಕು. ಬಂದ ದಾರಿಯನ್ನು ಕೆಸರೇ ತೋರಿಸುತ್ತದೆ. ಜಪಾನಿನಲ್ಲೂ ರಕೂನ್ ಹಿಡಿಯುತ್ತಾರೆ, ಆದರೆ ಅಲ್ಲಿನ ಕಾರಣ ಬೇರೆ. 1977ರಲ್ಲಿ ಅಲ್ಲಿನ ಟಿವಿಯಲ್ಲಿ ಒಂದು ರಕೂನ್ ಮರಿಯ ಕಥೆ ಬಂತು. ಮಕ್ಕಳು ಹಠ ಹಿಡಿದರು. ಅಪ್ಪ ಅಮ್ಮಂದಿರು ಹೊರದೇಶದಿಂದ ತರಿಸಿಕೊಟ್ಟರು. ಮುದ್ದಿನ ಮರಿ ಬೆಳೆದು ಕಚ್ಚಲು, ಪರಚಲು ಶುರುಮಾಡಿದಾಗ ಕಾಡಿಗೆ ಬಿಟ್ಟರು. ಈಗ ಅವು ಸಾವಿರಾರಾಗಿ ಹೊಲ, ತೋಟಗಳಿಗೆ ನುಗ್ಗುತ್ತವೆ. ತಪ್ಪು ಯಾರದು, ಬೋನಿಗೆ ಬೀಳುವವರು ಯಾರು ನೋಡಿ!

ನಮ್ಮ ಕೆಸರಿನ ಕಾವಲುಗಾರರು

ರಕೂನ್ ಇಲ್ಲದಿದ್ದರೇನು, ಅದರ ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಚಿಕ್ಕ ಉಗುರಿನ ನೀರುನಾಯಿ ಇದೆ. ಅದೂ ಬೆರಳಿನಿಂದಲೇ ಕಲ್ಲಿನ ಸಂದು, ಕೆಸರು ತಡಕಿ ಏಡಿ ಹಿಡಿಯುತ್ತದೆ. ಕಾವೇರಿಯಲ್ಲಿ ಅದಕ್ಕಿಂತ ದೊಡ್ಡದಾದ, ನುಣುಪು ಮೈಯ ನೀರುನಾಯಿ ಇದೆ. ರಂಗನತಿಟ್ಟಿಗೆ ಹೋದಾಗ ಹಕ್ಕಿಗಳ ಜೊತೆ ಇವೂ ಕಂಡರೆ ನಿಮ್ಮ ಅದೃಷ್ಟ. ಸಂಸಾರ ಸಮೇತ ಮೀನು ಬೇಟೆಗೆ ಹೊರಡುತ್ತವೆ. ದಂಡೆಯ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯ ಸಹಿ ಎಂದು ತಿಳಿಯಿರಿ. ಹಡ್ಲುಗಳಲ್ಲಿ ಕತ್ತಿನ ಬದಿಗೆ ಕಪ್ಪು ಪಟ್ಟೆಯಿರುವ ಕೆಂಗಂದು ಮುಂಗುಸಿ ಕೆಸರು ಕೆದಕಿ ಕಪ್ಪೆ, ಏಡಿ ಹುಡುಕುತ್ತದೆ.

ನೀರುನಾಯಿಯ ತುಪ್ಪಳಕ್ಕೂ ಬೆಲೆಯಿದೆ. ಅದೇ ಅದರ ಶತ್ರು. 2019ರಲ್ಲಿ ಜಿನೀವಾದಲ್ಲಿ ನಡೆದ ದೇಶದೇಶಗಳ ಸಭೆಯಲ್ಲಿ ಈ ಎರಡೂ ಬಗೆಯ ನೀರುನಾಯಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದರು. ಅದಕ್ಕೂ ಮೊದಲೇ, 2015ರಲ್ಲಿ, ನಮ್ಮ ರಾಜ್ಯ ತುಂಗಭದ್ರಾ ನದಿಯ ಒಂದು ಭಾಗವನ್ನು ನೀರುನಾಯಿಗಳಿಗಾಗಿಯೇ ಮೀಸಲಿಟ್ಟಿತ್ತು.

ಉರುಳಿಗೆ ಕಣ್ಣಿಲ್ಲ

ಈಗ ಸ್ವಲ್ಪ ಕಷ್ಟದ ಮಾತು. ಕೆಸರು ಕಾಡಿನ ದಾರಿಯನ್ನು ಎಲ್ಲರಿಗೂ ತೋರಿಸುತ್ತದೆ. ಒಳ್ಳೆಯವರು, ಕೆಟ್ಟವರು ಎಂಬ ಭೇದ ಅದಕ್ಕಿಲ್ಲ. ನೀರಿಗೆ ಹೋಗುವ ಕಾಲುದಾರಿಯಲ್ಲಿ, ಬೇಲಿಯ ಕಿಂಡಿಯಲ್ಲಿ ಕೆಲವರು ಕಾಡುಹಂದಿಗೆಂದು ಉರುಳು ಹಾಕುತ್ತಾರೆ. ಹಿಂದೆ ನಾರಿನ ಹಗ್ಗ ಇರುತ್ತಿತ್ತು. ಈಗ ಬೈಕಿನ ಕ್ಲಚ್ ವೈರು. ಸಿಕ್ಕಿದ ಪ್ರಾಣಿ ಎಳೆದಷ್ಟೂ ಅದು ಬಿಗಿಯುತ್ತದೆ.

ಅಮೆರಿಕದಲ್ಲಿ ಒಂದು ಬಗೆಯ ರಕೂನ್ ಬೋನು ಕೊಳವೆಯಂತಿದೆ. ಅದರೊಳಗೆ ಕೈಹಾಕಿ ಹಿಡಿದೆಳೆಯಬಲ್ಲ ಪ್ರಾಣಿ ಮಾತ್ರ ಸಿಗುತ್ತದೆ. ನಾಯಿ ಸಿಗುವುದಿಲ್ಲ. ಆದರೆ ಉರುಳಿಗೆ ಕಣ್ಣಿಲ್ಲ, ಬುದ್ಧಿಯಿಲ್ಲ. ಹಂದಿಗೆಂದು ಇಟ್ಟದ್ದಕ್ಕೆ ಜಿಂಕೆ ಬೀಳುತ್ತದೆ, ಚಿರತೆ ಬೀಳುತ್ತದೆ, ಮನೆಯ ನಾಯಿಯೂ ಬೀಳುತ್ತದೆ. 2022ರ ನವೆಂಬರಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಕಡೆ ಒಂದು ಹೆಣ್ಣುಹುಲಿ ಉರುಳಿಗೆ ಸಿಕ್ಕಿ ಸತ್ತಿತು. ಅದಕ್ಕೆ ಮರಿಗಳಿದ್ದವು. ಅಮ್ಮನಿಲ್ಲದ ಆ ಮರಿಗಳಿಗಾಗಿ ಅರಣ್ಯ ಸಿಬ್ಬಂದಿ ಕಾಡೆಲ್ಲ ಹುಡುಕಾಡಿದರು.

ಹಾಗೆಂದು ರೈತರ ಕಷ್ಟ ಸುಳ್ಳಲ್ಲ. ಸಾಲ ಮಾಡಿ ಬೆಳೆದ ಜೋಳವನ್ನು ಒಂದೇ ರಾತ್ರಿಯಲ್ಲಿ ಹಂದಿಗಳು ಮುಗಿಸಿದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಹೊಲದ ಅಟ್ಟಣೆಯಲ್ಲಿ ಕುಳಿತು ನಿದ್ದೆಗೆಟ್ಟು ಕಾವಲು ಕಾದ ಅಜ್ಜಂದಿರಿಗೆ ಆ ನೋವು ಗೊತ್ತು. ಆದರೆ ಉರುಳು ಆ ನೋವಿಗೆ ಮದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ಹಿಡಿಯುವುದು ಎಲ್ಲವೂ ಬೇಟೆಯೇ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ನಾಗರಹೊಳೆ, ಬಂಡೀಪುರದ ಸುತ್ತಲಿನ ಹಳ್ಳಿಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬ ಯೋಜನೆಯವರು ಪರಿಹಾರದ ಅರ್ಜಿ ಬರೆಯಲು ರೈತರಿಗೆ ನೆರವಾಗುತ್ತಿದ್ದಾರೆ.

ಅಜ್ಜಂದಿರ ಕಾಲದ ಖೆಡ್ಡಾ

ಹಿಡಿಯುವುದೆಂದರೆ ನಮ್ಮ ಸೀಮೆಯ ಹಿರಿಯರಿಗೆ ಮೊದಲು ನೆನಪಾಗುವುದು ಖೆಡ್ಡಾ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆ ಮೈಸೂರು ಸಂಸ್ಥಾನದ ಮೊದಲ ಖೆಡ್ಡಾ ನಡೆಸಿದ. ಮುಂದೆ ಹೆಗ್ಗಡದೇವನಕೋಟೆಯ ಕಾಕನಕೋಟೆ ಅದಕ್ಕೆ ಹೆಸರಾಯಿತು. ತಮಟೆ, ಕೂಗು, ಬೆಂಕಿ, ಸಾಕಾನೆಗಳ ಸಾಲು. ಅವುಗಳ ನಡುವೆ ಕಾಡಾನೆಗಳ ಹಿಂಡನ್ನು ಕಪಿಲೆಯ ನೀರಿಗಿಳಿಸಿ, ಆಚೆ ದಡದ ಮರದ ದಿಮ್ಮಿಗಳ ಕೋಟೆಯೊಳಗೆ ನುಗ್ಗಿಸುತ್ತಿದ್ದರು. ಮಹಾರಾಜರು, ದೂರದೇಶದ ಅತಿಥಿಗಳು ಕುಳಿತು ನೋಡುತ್ತಿದ್ದರು. ಹಿಂಡಿನಿಂದ ಬೇರೆಯಾದ ಮರಿಗಳ ಕೂಗು ಕೇಳಲಾಗುತ್ತಿರಲಿಲ್ಲ ಎಂದು ಹೇಳುವ ಅಜ್ಜಂದಿರೂ ಇದ್ದಾರೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಗಳು ಈಜಿ ದಾಟಿದ ಆ ದಡ ಆಮೇಲೆ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು.

ಯಾರನ್ನೂ ಹಿಡಿಯದ ಬಲೆ

ನಾಗರಹೊಳೆಯ ಕಾಡುದಾರಿಯಲ್ಲಿ ಇನ್ನೊಂದು ಬಗೆಯ ಬಲೆ ಇದೆ. ಅದು ಹುಲಿಯನ್ನು ಹಿಡಿಯುತ್ತದೆ, ಆದರೆ ಹುಲಿಗೆ ಅದು ಗೊತ್ತೇ ಆಗುವುದಿಲ್ಲ! ದಾರಿಯ ಎರಡು ಪಕ್ಕದಲ್ಲಿ ಎರಡು ಕ್ಯಾಮೆರಾ. ಹುಲಿ ನಡುವೆ ಹಾದುಹೋದರೆ ತಾನಾಗಿ ಫೋಟೊ. ಹುಲಿಯ ದಾರಿ ಗೊತ್ತುಮಾಡಲು ಇಲ್ಲಿಯೂ ಮಣ್ಣಿನ ಮೇಲಿನ ಹೆಜ್ಜೆಯೇ ಬೇಕು.

ಮೊದಲೆಲ್ಲ ಹುಲಿಯ ಹೆಜ್ಜೆಗಳನ್ನೇ ಎಣಿಸಿ ಹುಲಿಗಳ ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ದೊಡ್ಡದು, ಗಟ್ಟಿ ನೆಲದಲ್ಲಿ ಚಿಕ್ಕದು. ಹೀಗಾಗಿ ಲೆಕ್ಕ ತಪ್ಪುತ್ತಿತ್ತು. ಸಾಹಿತಿ ಶಿವರಾಮ ಕಾರಂತರ ಮಗ, ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹೊಸ ವಿಧಾನ ಮಾಡಿ ತೋರಿಸಿದರು. ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು.

ಆ ಲೆಕ್ಕ ಹೇಗೆ? ಅಜ್ಜಿಯಿಂದ ಒಂದು ಡಬ್ಬಿ ಅವರೆಕಾಳು ಕೇಳಿ ತನ್ನಿ. 20 ಕಾಳು ತೆಗೆದು ಪೆನ್ನಿನಿಂದ ಚುಕ್ಕೆಯಿಡಿ. ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಕಿ. ಕಣ್ಣು ಮುಚ್ಚಿ ಮತ್ತೆ 20 ಕಾಳು ತೆಗೆಯಿರಿ. ಅದರಲ್ಲಿ 5 ಕಾಳಿಗೆ ಚುಕ್ಕೆಯಿದೆ ಎಂದುಕೊಳ್ಳಿ. ಅಂದರೆ ಕಾಲು ಭಾಗ. ಡಬ್ಬಿಯಲ್ಲೂ ಸುಮಾರು ಕಾಲು ಭಾಗಕ್ಕೆ ಚುಕ್ಕೆ ಇರಬೇಕು. ಕಾಲು ಭಾಗ 20 ಆದರೆ ಒಟ್ಟು 80! ಪೂರ್ತಿ ಎಣಿಸದೆಯೇ ಲೆಕ್ಕ ಸಿಕ್ಕಿತು. ಹುಲಿಗೆ ಚುಕ್ಕೆಯಿಡುವ ಕೆಲಸವಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾದ ಗಣಿತ ಬಳಸುತ್ತಾರೆ. ಆದರೆ ಮೂಲ ಉಪಾಯ ಇದೇ. (ಆಟ ಮುಗಿದ ಮೇಲೆ ಚುಕ್ಕೆಯಿಟ್ಟ ಕಾಳನ್ನು ಬಿತ್ತನೆಗೆ ಇಡಿ. ಸಾರಿಗೆ ಹಾಕಿದರೆ ಅಜ್ಜಿ ಬೈದಾರು!)

ನೀವೂ ಒಂದು ಬಲೆ ಒಡ್ಡಿ

ರಾತ್ರಿ ಮಲಗುವ ಮುಂಚೆ ಹಿತ್ತಲಿನ ಬಚ್ಚಲ ನೀರು ಹರಿಯುವ ಕಡೆ ಒಂದು ಮೊಳ ಅಗಲದ ಜಾಗದಲ್ಲಿ ಕಲ್ಲುಕಡ್ಡಿ ತೆಗೆಯಿರಿ. ನುಣುಪಾದ ಮಣ್ಣು ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಸವರಿ. ಪೇಟೆಯ ಮಕ್ಕಳು ತಾರಸಿಯ ಮೇಲೆ ಒಂದು ಹಳೆಯ ತಟ್ಟೆಯಲ್ಲಿ ಇದನ್ನೇ ಮಾಡಬಹುದು. ಬೆಳಿಗ್ಗೆ ಎದ್ದು ಅಜ್ಜ ಅಜ್ಜಿಯ ಜೊತೆ ಹೋಗಿ ನೋಡಿ. ಬೆಕ್ಕು, ಹೆಗ್ಗಣ, ಮುಂಗುಸಿ, ಕಪ್ಪೆ, ಕಾಗೆ ಯಾರಾದರೂ ಸಹಿ ಹಾಕಿರುತ್ತಾರೆ. ಪುಸ್ತಕದಲ್ಲಿ ಚಿತ್ರ ಬರೆದು, ಕೆಳಗೆ ತಾರೀಖು ಹಾಕಿ.

ಕಾಡಂಚಿನ ಮಕ್ಕಳಿಗೆ ಇನ್ನೊಂದು ಮಾತು. ಬೇಲಿಯಲ್ಲೋ ಕಾಲುವೆಯ ಪಕ್ಕದಲ್ಲೋ ಕುಣಿಕೆ ಹಾಕಿದ ತಂತಿ ಕಂಡರೆ ಮುಟ್ಟಬೇಡಿ. ಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗಲೇಬೇಡಿ. ಹೆದರಿದ ಪ್ರಾಣಿ ಯಾರ ಮೇಲಾದರೂ ಎರಗಬಹುದು. ಮನೆಯ ಹಿರಿಯರಿಗೆ ಹೇಳಿ. ಅವರು ಹತ್ತಿರದ ಅರಣ್ಯ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಲಿ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಕಳ್ಳಬೇಟೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ಅವರು ತೀರಿಕೊಂಡರು. ಇಂದು ಆ ಕಾಡಿನಲ್ಲಿ ಇಷ್ಟು ಹುಲಿಗಳಿರುವುದರ ಹಿಂದೆ ಅಂಥವರ ದುಡಿಮೆಯಿದೆ.

ಹಜಾರದಲ್ಲಿ ಕುಳಿತು ಇದನ್ನು ಮೊಮ್ಮಕ್ಕಳಿಗೆ ಓದಿ ಹೇಳುತ್ತಿರುವ ಅಜ್ಜ ಅಜ್ಜಿಯರೇ, ನಿಮ್ಮ ಕಾಲದ ಕೆರೆಯಂಗಳದಲ್ಲಿ ಯಾವ ಯಾವ ಹೆಜ್ಜೆಗಳಿದ್ದವು? ನೀರುನಾಯಿ ನೋಡಿದ್ದಿರಾ? ಇಂದು ರಾತ್ರಿ ಅದೇ ಕಥೆಯಾಗಲಿ. ನಾಳೆ ಬೆಳಿಗ್ಗೆ ಮಗುವಿನ ಜೊತೆ ಕೆರೆಯ ಕಡೆ ಹೋಗಿ ಬನ್ನಿ. ಬಿಸಿಲೇರಿ ಕೆಸರು ಒಣಗುವ ಮೊದಲು ಹೊರಡಿ.