ಗಡಿನಾಡಿನ ನಾಲಿಗೆ, ಮುಪ್ಪಿನ ಮಿದುಳು

ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಗೂ ಸಿಕಂದರಾಬಾದಿಗೂ ನಡುವೆ ಹಾಕಿದ ರೈಲು ಹಾದಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿಂದ ಹಿಡಿಯಿತು ಎಂದು ಈ ಹಾದಿಯಲ್ಲಿ ಗೆರೆ ಎಳೆದು ತೋರಿಸಲಾಗದು. ಮನೆಯಲ್ಲಿ ಕನ್ನಡ ಆಡುವ ತೊಗರಿ ಬೆಳೆಗಾರ ಪೇಟೆಯಲ್ಲಿ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾನೆ, ಬೀಗರ ಊರಿಗೆ ಹೋದರೆ ತೆಲುಗಿಗೆ ಹೊರಳುತ್ತಾನೆ. ಚಿಂಚೋಳಿ ಕಡೆಯ ತಾಂಡಾದ ಹೆಂಗಸಿಗೆ ಲಂಬಾಣಿ ತಾಯಿನುಡಿ, ಕನ್ನಡ ಹೊಲದ ಕೂಲಿಯ ನುಡಿ. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ದುಡಿಯಲು ಬಂದವರ ಜೊತೆ ಹಿಂದಿಯೂ ಬಂತು. ಹೀಗೆ ಎರಡು ಮೂರು ಭಾಷೆ ಆಡುವ ಹಿರಿಯರಲ್ಲಿ ಎಷ್ಟೋ ಮಂದಿಗೆ ಒಂದು ಭಾಷೆಯ ಅಕ್ಷರವೂ ಬಾರದು. ಸರ್ಕಾರದ ಲೆಕ್ಕದಲ್ಲಿ ಅವರು ಅನಕ್ಷರಸ್ಥರು, ಅಷ್ಟೆ.

ಅವರ ಮಿದುಳಿನ ಬಗ್ಗೆ ಬೇರೆಯೇ ಮಾತು ಹೇಳಿದ್ದು ಇದೇ ರೈಲು ಹಾದಿಯ ಆಚೆ ತುದಿಯ ಒಂದು ಆಸ್ಪತ್ರೆ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಆಗ ನರರೋಗ ತಜ್ಞೆಯಾಗಿದ್ದ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆ ತೆಗೆದು ನೋಡಿದರು. 391 ಜನ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆಯ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಅಕ್ಷರ ಬಾರದವರಲ್ಲಿ ಆ ಅಂತರ ಇನ್ನೂ ಹೆಚ್ಚು, ಸುಮಾರು ಆರು ವರ್ಷ. 2013ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಟೊರಾಂಟೋದ ಸಂಶೋಧಕರು ಇಂಥದ್ದನ್ನು ಮೊದಲೇ ಹೇಳಿದ್ದರು. ಆದರೆ ಅಲ್ಲಿ ಎರಡು ಭಾಷೆ ಬಲ್ಲವರು ಹೆಚ್ಚಾಗಿ ವಲಸೆ ಬಂದವರು. ಲಾಭ ಭಾಷೆಯದೋ, ವಲಸೆ ಹೋಗುವಷ್ಟು ಗಟ್ಟಿ ಮೈಯದೋ ಎಂಬ ಅನುಮಾನ ಉಳಿದಿತ್ತು. ಹೈದರಾಬಾದಿನಲ್ಲಿ ಹುಟ್ಟಿದೂರಲ್ಲೇ ಇದ್ದು, ಓಣಿಯಲ್ಲೇ ಎರಡನೇ ಭಾಷೆ ಕಲಿತ ಜನ ಸಿಕ್ಕರು.

ಎರಡು ಭಾಷೆ ಬಲ್ಲವರು ಬಾಯಿ ತೆರೆದಾಗ ಎರಡೂ ಭಾಷೆಯ ಪದಗಳು ಒಟ್ಟಿಗೆ ಮುಂದೆ ಬರುತ್ತವೆ. ಎದುರಿಗಿರುವವರನ್ನು ನೋಡಿ ಒಂದನ್ನು ಹೊರಬಿಡಬೇಕು, ಇನ್ನೊಂದನ್ನು ತಡೆಯಬೇಕು. ಈ ತಡೆಯುವ ಕೆಲಸದ ಬಹುಪಾಲು ಹಣೆಯ ಹಿಂದಿನ ಮಿದುಳಿನ ಭಾಗದ್ದು. ಗಮನ ಹಿಡಿಯುವುದು, ಕೋಪ ನುಂಗುವುದು, ಹೇಳಬಾರದ್ದನ್ನು ಹೇಳದೆ ಇರುವುದಕ್ಕೂ ಅದೇ ಭಾಗ ಬೇಕು. ದಿನಕ್ಕೆ ನೂರು ಸಲ ಹೀಗೆ ಹೊರಳುವ ನಾಲಿಗೆ ಆ ಭಾಗಕ್ಕೆ ಬಿಡುವಿಲ್ಲದ ತಾಲೀಮು ಕೊಡುತ್ತದೆ ಎಂಬುದು ಸಂಶೋಧಕರ ವಾದ. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರಲ್ಲ, ಮಿದುಳೂ ಹಾಗೆ ಒಂದಿಷ್ಟು ಉಳಿಕೆ ಶಕ್ತಿ ಕೂಡಿಟ್ಟಿರುತ್ತದೆ. ರೋಗ ಒಳಗೆ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಉಳಿಕೆ ಇದ್ದಷ್ಟು ದಿನ ಹೊರಗೆ ಕಾಣಿಸುವುದಿಲ್ಲ.

ಹಲವು ಭಾಷೆ ಇದೇ ರೈಲು ಹಾದಿಯ ಮಳಖೇಡಕ್ಕೆ ಹೊಸದಲ್ಲ. ಕಾಗಿಣಾ ದಂಡೆಯ ಈ ಹಳ್ಳಿ ಮಾನ್ಯಖೇಟವಾಗಿದ್ದಾಗ ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಜಿನಸೇನರು ಸಂಸ್ಕೃತದಲ್ಲಿ ಬರೆಯುತ್ತಿದ್ದರು. ಮಹಾವೀರಾಚಾರ್ಯರು ಗಣಿತವನ್ನೇ ಪದ್ಯದಲ್ಲಿ ಕಟ್ಟಿದರು, ಛಂದಸ್ಸಿಗೆ ಸಿಕ್ಕಿದ್ದು ಬಾಯಲ್ಲಿ ಉಳಿಯುತ್ತದೆ. ಅದೇ ಆಸ್ಥಾನದಿಂದ, 850ರ ಸುಮಾರಿಗೆ, ಕನ್ನಡದಲ್ಲಿ ‘ಕವಿರಾಜಮಾರ್ಗ’ ಬಂತು. ನೂರು ವರ್ಷದ ಮೇಲೆ ಪುಷ್ಪದಂತ ಇಲ್ಲೇ ಕೂತು ಅಪಭ್ರಂಶದಲ್ಲಿ ‘ಮಹಾಪುರಾಣ’ ಬರೆದ. ಓದಿನ ಹಂಗಿಲ್ಲದೆಯೇ ಕಾವ್ಯ ಕಟ್ಟುವ ಜಾಣ್ಮೆ ಈ ನಾಡಿನ ಜನಕ್ಕಿದೆ ಎಂದು ‘ಕವಿರಾಜಮಾರ್ಗ’ ಮೆಚ್ಚಿ ಹೇಳುವುದನ್ನು ನಾವು ಭಾಷಣಗಳಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಅಕ್ಷರ ಬಾರದವರ ತಲೆಯೊಳಗೆ ಏನಿದೆ ಎಂದು ಕೇಳಿದ ಗ್ರಂಥವಾಗಿ ಅದನ್ನು ಓದಿದ್ದು ಕಡಿಮೆ.

ಹಾಗೆಂದು ಅನಕ್ಷರತೆಯನ್ನೇ ಹಾಡಿ ಹೊಗಳುವ ಹುಕಿ ಬೇಡ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸ್ಪ್ಯಾನಿಷ್ ಮಾತಿನ ವಲಸಿಗರನ್ನು ವರ್ಷಗಟ್ಟಲೆ ಗಮನಿಸಿ 2014ರಲ್ಲಿ ವರದಿ ಮಾಡಿದವರಿಗೆ ಎರಡು ಭಾಷೆಯಿಂದ ಮರೆವು ತಡವಾದದ್ದು ಕಾಣಲಿಲ್ಲ. ಚರ್ಚೆ ಮುಗಿದಿಲ್ಲ. ಮುಗಿದಿರುವ ವಿಷಯವೂ ಒಂದಿದೆ: ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆ ತರುವ, ತಿದ್ದಿಕೊಳ್ಳಬಹುದಾದ 14 ಅಪಾಯಗಳಲ್ಲಿ ಎಳವೆಯ ಓದಿನ ಕೊರತೆಯೂ ಸೇರಿದೆ. ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆ, ಹೊಗೆ ದೂಳು, ಒಂಟಿತನ ಜೊತೆಗಿವೆ. ಕಲ್ಲು ಒಡೆಯುವ ಸದ್ದಿನಲ್ಲಿ ಹರೆಯ ಕಳೆದ ನಾಡಿಗೆ ಕಿವಿಯ ವಿಷಯ ಸಣ್ಣದಲ್ಲ. ಮಾತು ಕೇಳಿಸದವರು ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ನಾಲಿಗೆಯ ತಾಲೀಮೂ ಅಲ್ಲಿಗೆ ನಿಂತಿತು. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ 88 ಲಕ್ಷ ಜನ, ಮರೆವಿನ ಕಾಯಿಲೆಯಲ್ಲಿದ್ದಾರೆ. ಹೆಂಗಸರು, ಹಳ್ಳಿಯವರು, ಶಾಲೆ ಕಾಣದವರಲ್ಲಿ ಹೆಚ್ಚು.

ಆದರೆ ಮನೆಯಲ್ಲಿ ಅದು ಕಾಯಿಲೆಯ ರೂಪದಲ್ಲಿ ಬರುವುದಿಲ್ಲ, ಜಗಳದ ರೂಪದಲ್ಲಿ ಬರುತ್ತದೆ. “ಮುದುಕಿ ನಾಟಕ ಮಾಡ್ತಾಳ ನೋಡ್ರಿ. ರೊಟ್ಟಿ ಬಡಿಯೋದು ಮರತಿಲ್ಲ, ಉಂಡದ್ದು ಮಾತ್ರ ಮರೀತಾಳ” ಎಂಬ ದೂರು ಈ ಕಡೆ ಹೊಸದಲ್ಲ. ದೂರಿನಲ್ಲಿ ಕಂಡದ್ದು ಸರಿ, ತೀರ್ಮಾನ ತಪ್ಪು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಮೂರ್ಛೆ ರೋಗಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಭಾಗವನ್ನು ತೆಗೆದುಹಾಕಿದರು. ಅಲ್ಲಿಂದಾಚೆ ಅವನಿಗೆ ಹೊಸ ಸಂಗತಿ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿ ನೋಡಿ ಚಿತ್ರ ತಿದ್ದುವ ಕೆಲಸದಲ್ಲಿ ಅವನ ಕೈ ದಿನದಿನಕ್ಕೆ ಪಳಗಿತು, ನಿನ್ನೆ ಮಾಡಿದ್ದೇ ಅವನಿಗೆ ನೆನಪಿಲ್ಲದಿದ್ದರೂ. ಕೈಯ ನೆನಪಿಗೆ ಮಿದುಳಿನಲ್ಲಿ ಬೇರೆ ಜಾಗ. ಆಲ್ಝೈಮರ್ಸ್ ಮೊದಲು ಕೈ ಇಡುವುದು ಹಿಪೊಕ್ಯಾಂಪಸ್‌ನ ಆಸುಪಾಸಿಗೆ. ಹಾಗಾಗಿ ಮಧ್ಯಾಹ್ನದ ಊಟ ಅಳಿಸಿಹೋಗುತ್ತದೆ. ರೊಟ್ಟಿ ಬಡಿಯುವ ಲಯ, ಬೀಸುವ ಕಲ್ಲಿನ ಪದ ಬಹುಕಾಲ ಉಳಿಯುತ್ತವೆ. ಮುದುಕಿ ನಾಟಕ ಮಾಡುತ್ತಿಲ್ಲ.

ನಾಟಕ ಅಲ್ಲವೆಂದು ಒಪ್ಪಿದವರು “ವಯಸ್ಸಾಗ್ಯಾದ, ಅರಳು ಮರಳು” ಎಂದು ಸುಮ್ಮನಾಗುತ್ತಾರೆ. ಇದು ಇನ್ನೂ ದುಬಾರಿಯ ತಪ್ಪು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಕೂಡ ಮರೆವಿನ ವೇಷ ಹಾಕಿ ಬರುತ್ತವೆ, ಅವಕ್ಕೆ ಔಷಧಿ ಉಂಟು. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ.

ಪರೀಕ್ಷೆಯಲ್ಲೇ ಒಂದು ತೊಡಕಿದೆ. ಜಗತ್ತಿನ ತುಂಬ ಬಳಕೆಯಲ್ಲಿರುವ, 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ 30 ಅಂಕಗಳ ನೆನಪಿನ ಪರೀಕ್ಷೆ ಒಂದು ವಾಕ್ಯ ಬರೆಯಿರಿ, ಇದನ್ನು ಓದಿ ಹಾಗೇ ಮಾಡಿ ಎನ್ನುತ್ತದೆ. ಶಾಲೆಗೇ ಹೋಗದ ಮುದುಕಿ ಅಲ್ಲಿ ಸೋಲುವುದು ಮರೆವಿನಿಂದಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಅದನ್ನು ತಿದ್ದಿದವರು ಬರೆಯುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಓದುವ ಬದಲು ನಾನು ಮಾಡಿದಂತೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸಿದರು. ಆಮೇಲೆ ಐಸಿಎಂಆರ್ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂನಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಆ ಐದರಲ್ಲಿ ಲಂಬಾಣಿ ಇಲ್ಲ, ದಖನಿಯೂ ಇಲ್ಲ. ಮರೆವು ಬಲಿತವರು ಕಲಿತ ಭಾಷೆಯನ್ನು ಬಿಟ್ಟು ತಾಯಿನುಡಿಗೇ ಮರಳುವುದುಂಟು. ಆದ್ದರಿಂದ ಚಿಂಚೋಳಿ ತಾಂಡಾದಿಂದ ಅಜ್ಜಿಯನ್ನು ಕರೆತಂದ ಮೊಮ್ಮಗ ಚೀಟಿ ಬರೆಸುವಾಗ ವಯಸ್ಸಿನ ಜೊತೆಗೆ ಇಷ್ಟನ್ನೂ ಹೇಳಬೇಕು: ಆಕೆ ಯಾವ ಯಾವ ಭಾಷೆ ಆಡುತ್ತಿದ್ದಳು, ಯಾವುದನ್ನು ಆಡುವುದು ಬಿಟ್ಟಳು, ಯಾವಾಗಿನಿಂದ.