ರ ಅಂದರೆ ರೊಟ್ಟಿ

ನಮ್ಮ ಆಪಾನ ಮಗನಿಗೆ ಆಗ ನಾಲ್ಕು ವರ್ಷ. ಅಂಗನವಾಡಿಗೆ ಹಾಕಿ ಮೂರು ತಿಂಗಳಾಗಿತ್ತು. ಒಂದು ದಿನ ಆಪಾ ಅಳುಮುಖ ಮಾಡಿಕೊಂಡು ಬಂದಳು. "ಹುಡುಗ ಬಾಯಿನ ಬಿಡಂಗಿಲ್ಲ. ಕಿವಿ ಕೇಳ್ತಾವೋ ಇಲ್ಲೋ, ಒಮ್ಮೆ ದವಾಖಾನಿಗೆ ತೋರಿಸ್ರಿ" ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಮನೆಯಲ್ಲಿ ಅದೇ ಹುಡುಗ ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಮುಚ್ಚುವುದಿಲ್ಲ. ಆದರೆ ಅವನು ಆಡುವುದು ದಖ್ನಿ.

ಮರುದಿನ ನಾನೇ ಅವನನ್ನು ಕೂಡಿಸಿಕೊಂಡೆ. ಪಿಯುಸಿಯಲ್ಲಿ ಶಿಕ್ಷಣಶಾಸ್ತ್ರ ಓದುತ್ತಿದ್ದೇನೆಂಬ ಗರ್ವ ಬೇರೆ ಇತ್ತು. ಗೋಡೆಗೆ ಅ ಆ ಇ ಈ ಚಾರ್ಟ್ ಹಚ್ಚಿ 'ಆ' ಅಕ್ಷರದ ಎದುರಿನ ಆನೆಯನ್ನು ತೋರಿಸಿದೆ. "ಹಾತಿ" ಎಂದ. ಇಲಿ ತೋರಿಸಿದರೆ "ಚೂಹಾ". 'ಉ' ಎದುರು ಉಡದ ಚಿತ್ರವಿತ್ತು. ಉಡವನ್ನು ನಾನೂ ಕಂಡವಳಲ್ಲ. ಅವನು ಒಂದು ಕ್ಷಣ ನೋಡಿ "ಛಿಪ್ಕಲಿ" ಎಂದ. ಪ್ರತಿ ಸಲ ನಾನು "ಅಲ್ಲ" ಎಂದೆ. ನಾಲ್ಕನೆಯ ಚಿತ್ರಕ್ಕೆ ಅವನು ಬಾಯಿ ಮುಚ್ಚಿಕೊಂಡ. ಅಂಗನವಾಡಿಯಲ್ಲಿ ಏನಾಗುತ್ತಿದೆ ಎಂದು ಆಗ ತಿಳಿಯಿತು.

ಈ ಚಾರ್ಟಿನ ಹಿಂದೆ ಒಂದು ಲೆಕ್ಕವಿದೆ. ಮಗು ಚಿತ್ರದ ಹೆಸರು ಹೇಳಬೇಕು, ಆ ಹೆಸರಿನ ಮೊದಲ ಸಪ್ಪಳ ಅದರ ಕಿವಿಗೆ ಬೀಳಬೇಕು, ಆ ಸಪ್ಪಳಕ್ಕೆ ಅಕ್ಷರ ಅಂಟಿಕೊಳ್ಳಬೇಕು. ಮಗುವಿಗೆ ಆ ಹೆಸರೇ ಬೇರೆ ಭಾಷೆಯಲ್ಲಿ ಗೊತ್ತಿದ್ದರೆ ಲೆಕ್ಕ ಕೆಡುತ್ತದೆ. ಹಾತಿಯಿಂದ 'ಆ' ಹುಟ್ಟುವುದಿಲ್ಲ. ಅವನು ತಪ್ಪು ಹೇಳಿರಲಿಲ್ಲ, ಮೂರು ಪ್ರಾಣಿಗಳನ್ನೂ ಗುರುತಿಸಿದ್ದ.

ಚಾರ್ಟ್ ತೆಗೆದಿಟ್ಟು, ಎರಡೂ ಭಾಷೆಗಳಲ್ಲಿ ಒಂದೇ ಸಪ್ಪಳದಿಂದ ಶುರುವಾಗುವ ಪದಗಳನ್ನು ಹುಡುಕತೊಡಗಿದೆ. ನಮ್ಮ ಹುಬ್ಬಳ್ಳಿ ಕನ್ನಡದಲ್ಲಿ ಇವುಗಳಿಗೆ ಬರವಿಲ್ಲ. ಅವನು ರೋಟಿ ಎಂದರೆ ನಾವು ರೊಟ್ಟಿ. ಅವನ ಕುರ್ಸಿ ನಮ್ಮ ಕುರ್ಚಿ. ಚಮ್ಚಾ ಚಮಚ, ಸಾಬುನ್ ಸಾಬಾಣ, ದವಾಖಾನಾ ದವಾಖಾನಿ. ಗಾಡಿ ಎರಡರಲ್ಲೂ ಗಾಡಿ. ಮಿರ್ಚಿ ಎರಡರಲ್ಲೂ ಮಿರ್ಚಿ. ಫಾರ್ಸಿ, ಅರಬ್ಬಿಯಿಂದ ಬಂದ ಎಷ್ಟೋ ಪದಗಳು ಈ ಭಾಗದ ಕನ್ನಡದಲ್ಲಿ ಮನೆಮಾತಾಗಿ ಕೂತಿವೆ. ಅವು ಇಷ್ಟು ಉಪಯೋಗಕ್ಕೆ ಬರುತ್ತವೆಂದು ನಾನು ಎಣಿಸಿರಲಿಲ್ಲ.

ಅಕ್ಷರ ಬರೆಸಲಿಲ್ಲ. ಮೊದಲು ಕಿವಿ. ಸಂಜೆ ದುರ್ಗದಬೈಲಿಗೆ ಕರೆದುಕೊಂಡು ಹೋಗಿ, ಗಿರ್ಮಿಟ್ ಗಾಡಿಯ ಮುಂದೆ ನಿಂತು ಪದಗಳನ್ನು ಚಪ್ಪಾಳೆ ತಟ್ಟಿ ಮುರಿದೆವು. ಗಾ, ಡಿ: ಎರಡು ಚಪ್ಪಾಳೆ. ಚು, ರ, ಮ, ರಿ: ನಾಲ್ಕು. ಪದಕ್ಕೆ ತುಂಡುಗಳಿವೆ ಎಂಬುದು ಸಣ್ಣ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ಅವರಿಗೆ ಗಾಡಿ ಎಂದರೆ ಗಾಲಿ ಇರುವ ವಸ್ತು, ಅಷ್ಟೇ. ತುಂಡು ಮಾಡುವುದು ಬಂದ ಮೇಲೆ "ಮೊದಲಿನ ತುಂಡು ಯಾವುದು?" ಎಂದು ಕೇಳಬಹುದು.

ಇಲ್ಲಿ ಕನ್ನಡ ಅಕ್ಷರದ ಒಂದು ಅನುಕೂಲ ಹೇಳಲೇಬೇಕು. ಇಂಗ್ಲಿಷಿನ 'ಎಚ್' ಎಂಬ ಹೆಸರಿನಲ್ಲಿ 'ಹ' ಸಪ್ಪಳವೇ ಇಲ್ಲ. ಉರ್ದುವಿನಲ್ಲಿ 'ಲ' ಸಪ್ಪಳದ ಅಕ್ಷರಕ್ಕೆ ಲಾಮ್ ಎನ್ನಬೇಕು. ಕನ್ನಡದ 'ಗ' ಮಾತ್ರ ತನ್ನನ್ನು 'ಗ' ಎಂದೇ ಕರೆದುಕೊಳ್ಳುತ್ತದೆ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ, ಅಕ್ಷರದ ಹೆಸರು ಬಿಟ್ಟು ಸಪ್ಪಳವನ್ನೇ ಕಲಿಸಿ, ಉಸುಕಿನ ಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳು ಆಡಿಸಿದರು. ನಮ್ಮ ಹಳೆಯ ಕೂಲಿಮಠಗಳಲ್ಲೂ ಮರಳಿನ ಮೇಲೆಯೇ ತಿದ್ದಿಸುತ್ತಿದ್ದರು. ನಾನು ತಾಟಿನಲ್ಲಿ ರವೆ ಹರವಿದೆ. ಅಮ್ಮಿ ಬೈದರು, ಆದರೆ ಕೆಲಸ ನಡೆಯಿತು.

ಯಾವ ಅಕ್ಷರ ಮೊದಲು? ಇದಕ್ಕೆ ಉತ್ತರ ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಸಿಕ್ಕಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅ ಆ ಇ ಈ ಸಾಲು ಹಿಡಿಯುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಓದಬಹುದು. 49 ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ನನ್ನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ: ರೊಟ್ಟಿ, ಗಾಡಿ, ಸಾಬಾಣ, ದವಾಖಾನಿ. ಉಳಿದ 'ಅ'ಗೆ ಅಮ್ಮಿ ಮನೆಯಲ್ಲೇ ಇದ್ದರು.

ಐದು ತುಂಬುವ ಹೊತ್ತಿಗೆ ಅವನು ಈ ಅಕ್ಷರಗಳನ್ನು ಜೋಡಿಸತೊಡಗಿದ. ಒಂದು ದಿನ 'ಸರ' ಎಂದು ಬರೆದು ಕೊಟ್ಟೆ. "ರಸ" ಎಂದು ಓದಿದ. ಮತ್ತೆ ಕೊಟ್ಟೆ, ಮತ್ತೆ ರಸ. ನನಗೆ ಸಿಟ್ಟು ಬಂತು. ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಆಪಾ ನಕ್ಕಳು: "ಅರೆ, ಅವನು ಮಕ್ತಬ್‌ಗೂ ಹೋಗ್ತಾನಲ್ಲ!" ಹುಡುಗ ಬಲದಿಂದ ಓದುತ್ತಿದ್ದ. ಅಕ್ಷರ ಎರಡೂ ಸರಿ, ದಿಕ್ಕು ಮಾತ್ರ ಬೇರೆ. ಕನ್ನಡ ಹಾಳೆಯ ಎಡ ತುದಿಗೆ ಹಸಿರು ಚುಕ್ಕೆ ಇಟ್ಟು "ಇಲ್ಲಿಂದ ಹೊರಡು" ಎಂದೆವು. ವಾರದಲ್ಲಿ ಸರಿಹೋಯಿತು.

ಆಪಾ ಓದಿದ್ದು ಉರ್ದು ಮಾಧ್ಯಮದಲ್ಲಿ. "ನನಗ ಕನ್ನಡ ಬರಂಗಿಲ್ಲ, ನಾ ಏನ್ ಕಲಸ್ಲಿ" ಎನ್ನುವುದು ಅವಳ ಮಾತು. ಕಾಗುಣಿತಕ್ಕೆ ಬಂದಾಗ ನಾನು 'ಬ'ಗೆ ಗುಡಿಸು ಕೊಟ್ಟರೆ ಬಿ, ಕೊಂಬು ಕೊಟ್ಟರೆ ಬು ಎಂದು ಹೇಳಿಕೊಡುತ್ತಿದ್ದೆ. ಅವಳು ತಡೆದು ಮಗನಿಗೆ ಹೇಳಿದಳು: "ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು. ವೋಹೀಚ್ ಹೈ ಬೇಟಾ." ಅದೇ ಅದು. ಅಕ್ಷರ ಹಾಗೇ ಇರುತ್ತದೆ, ಮೇಲೋ ಕೆಳಗೋ ಪಕ್ಕದಲ್ಲೋ ಒಂದು ಗುರುತು ಬಿದ್ದರೆ ಸ್ವರ ಬದಲಾಗುತ್ತದೆ. ಎ, ಒ ಸ್ವರಗಳಿಗೆ ಈ ಮೂರು ಗುರುತು ಸಾಲವು, ನಿಜ. ಆದರೆ ಅಂದಿನಿಂದ ಕಾಗುಣಿತದ ಪಾಠ ಅವಳದು. ತಾನೂ ಜೊತೆಗೆ ಕಲಿಯುತ್ತಿದ್ದಾಳೆ.

'ಳ' ಇನ್ನೂ ಪೂರ್ತಿ ಒಲಿದಿಲ್ಲ. ಉರ್ದುವಿನಲ್ಲಿ ಆ ಸಪ್ಪಳ ಇಲ್ಲ. ಹುಣಸೆ ಹೆಚ್ಚಾದ ಗಿರ್ಮಿಟ್ ತಿಂದು "ಹುಲಿ ಐತಿ" ಎಂದಾಗ ಗಾಡಿಯವರು ಬೀದಿ ತುಂಬ ಹುಲಿ ಹುಡುಕಿದರು. "ಹುಳಿ" ಎಂದು ಹತ್ತು ಸಲ ಹೇಳಿಸಿದರೆ ಪ್ರಯೋಜನವಿಲ್ಲ. 'ಡ' ಅವನಿಗೆ ಚೆನ್ನಾಗಿ ಬರುತ್ತದೆ. ನಾಲಿಗೆಯನ್ನು 'ಡ' ಎನ್ನುವ ಜಾಗದಲ್ಲೇ ಇಟ್ಟು 'ಲ' ಎನ್ನು ಎಂದರೆ 'ಳ' ಹತ್ತಿರ ಬರುತ್ತದೆ. ಬದಲಿಗೆ, 'ಭಜಿ'ಯ 'ಭ'ವನ್ನು ಅವನಷ್ಟು ಸ್ಪಷ್ಟವಾಗಿ ನಮ್ಮ ಓಣಿಯಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಅಂಗನವಾಡಿಯಲ್ಲಿ ಈಗ ಅವನನ್ನು ಸುಮ್ಮನಿರಿಸುವುದೇ ಕೆಲಸವಂತೆ.

ಸದ್ಯ ಎರಡನೆಯ ಗುಂಪು ನಡೆದಿದೆ: ಜ, ವ, ಮ, ಬ, ನ. 'ಜ'ಗೆ ಜಿಲೇಬಿ, 'ಮ'ಗೆ ಮಿರ್ಚಿ, 'ಬ'ಗೆ ಬಸ್ಸು. 'ವ' ಮಾತ್ರ ಸತಾಯಿಸಿತು. ವಕೀಲ ಎರಡೂ ಭಾಷೆಯಲ್ಲಿದ್ದಾನೆ, ಆದರೆ ಐದು ವರ್ಷದವನಿಗೆ ವಕೀಲನನ್ನು ಹೇಗೆ ತೋರಿಸುವುದು? ಕಳೆದ ವಾರ ಕಾಯಿಪಲ್ಲೆ ತರಲು ಹೋದಾಗ ಆಪಾ ತಕ್ಕಡಿಯ ಕಡೆ ಬೆರಳು ಮಾಡಿ ಮಗನನ್ನು ಕೇಳಿದಳು, "ಯೇ ಕ್ಯಾ ದೇಖ್‌ತೇ ಇಸ್‌ಮೇ?"

"ವಜನ್" ಎಂದ. ಅಂಗಡಿಯ ಅಜ್ಜಿಯೂ ಉಳ್ಳಾಗಡ್ಡಿ ಹಾಕುತ್ತ, "ಹೂಂ, ವಜನ ಬರೋಬ್ಬರಿ ಐತಿ ನೋಡಪಾ" ಎಂದಳು.