ಬಂದೂಕು ಇಳಿಸುವ ಧೈರ್ಯ

ದೀಪಾವಳಿಯ ಹೊತ್ತಿಗೆ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಎಂ. ಆರ್. ಹೈಸ್ಕೂಲ್ ಮೈದಾನದಲ್ಲಿ ಫುಟ್‌ಬಾಲ್ ಟೂರ್ನಿ ಶುರುವಾಯಿತೆಂದರೆ ಊರಿನ ಮಧ್ಯಾಹ್ನದ ನಿದ್ದೆ ರದ್ದು. ಹಿರಣ್ಯಕೇಶಿ ಹೊಳೆಯ ಆಚೆ ಈಚೆಯ ಹಳ್ಳಿಗಳಿಂದ ಬೈಕುಗಳು ಬರುತ್ತವೆ. ಗಡಿ ದಾಟಿ ಸಂಕೇಶ್ವರದಿಂದಲೂ ಜನ ಬರುತ್ತಾರೆ. ಮೆಣಸಿನಕಾಯಿ ವ್ಯಾಪಾರದವರು, ಬೆಲ್ಲದ ಗಾಣದವರು, ಶಾಲೆ ಬಿಟ್ಟ ಮಕ್ಕಳು ಗೆರೆಯ ಸುತ್ತ ಮೂರು ನಾಲ್ಕು ಸಾಲಾಗಿ ನಿಲ್ಲುತ್ತಾರೆ. ಕೂಗು ಅರ್ಧ ಮರಾಠಿ, ಅರ್ಧ ಕನ್ನಡ. ಚೆಂಡು ಓಡುತ್ತಿರುವವರೆಗೆ ಆ ಗದ್ದಲಕ್ಕೆ ಕೊನೆಯಿಲ್ಲ.

ಆಮೇಲೆ ರೆಫರಿಯ ಸೀಟಿ. ಪೆನಾಲ್ಟಿ.

ಒಬ್ಬ ಹುಡುಗ ಗುಂಪಿನಿಂದ ಹೊರಬಂದು ಚೆಂಡನ್ನು ಎತ್ತಿಕೊಳ್ಳುತ್ತಾನೆ. ವಾರವಿಡೀ ಗೊಬ್ಬರದ ಅಂಗಡಿಯಲ್ಲಿ ಚೀಲ ಇಳಿಸುವವನು, ಸಂಜೆ ಆಡುವವನು. ಇಂಥ ಆಟಗಾರರೇ ಇಲ್ಲಿ ಹೆಚ್ಚು. ಗೋಲಿಗೆ 11 ಮೀಟರು ದೂರ. ಕಂಬದಿಂದ ಕಂಬಕ್ಕೆ 7.32 ಮೀಟರು, ಎತ್ತರ 2.44 ಮೀಟರು. ಬೆಳಗಿನ ಅಭ್ಯಾಸದಲ್ಲಿ ಇದೇ ಜಾಗದಿಂದ ಹತ್ತಕ್ಕೆ ಒಂಬತ್ತು ಹೊಡೆಯುತ್ತಾನೆ. ಈಗ ಮಾತ್ರ ಬಾಯಿ ಒಣಗಿದೆ, ಅಂಗೈ ತಣ್ಣಗಾಗಿದೆ, ಮೊಣಕಾಲ ಹಿಂದೆ ಒಂದು ಸಣ್ಣ ನಡುಕ ಬಂದು ಕೂತಿದೆ. ಚೆಂಡನ್ನು ಇಟ್ಟವನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಗೋಲ್‌ಕೀಪರನ ಮುಖ ನೋಡುವುದಿಲ್ಲ. ಅವನಿಗೆ ಗೋಲು ಬೇಕಾಗಿಲ್ಲ, ಈ ಗಳಿಗೆ ಬೇಗ ಮುಗಿದರೆ ಸಾಕಾಗಿದೆ. ಗೆರೆಯ ಹೊರಗಿನಿಂದ ಹಿರಿಯ ಆಟಗಾರನೊಬ್ಬನ ದನಿ ಬರುತ್ತದೆ: ‘ಏ ತಮ್ಮಾ, ಗಡಿಬಿಡಿ ಮಾಡಬ್ಯಾಡೋ. ಚೆಂಡ ಇನ್ನೊಮ್ಮಿ ಸರಿ ಇಡು.’

ಒತ್ತಡದ ಬಗ್ಗೆ ಬರೆದ ದಪ್ಪ ಪುಸ್ತಕಗಳಿಗಿಂತ ನನಗೆ ಈ ಮಾತಿನ ಮೇಲೆ ನಂಬಿಕೆ ಹೆಚ್ಚು. ನಾರ್ವೆಯ ಕ್ರೀಡಾ ಮನೋವಿಜ್ಞಾನಿ ಗೈರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಪೆನಾಲ್ಟಿಗಳನ್ನು ವರ್ಷಗಟ್ಟಲೆ ನೋಡಿ ಇದನ್ನೇ ಹೇಳಿದರು. ಸೀಟಿ ಕೇಳಿದೊಡನೆ ಧಾವಿಸಿ ಒದೆಯುವವರು, ಕ್ಷಣಕಾಲ ತಡೆದು ಹೊರಡುವವರಿಗಿಂತ ಹೆಚ್ಚು ತಪ್ಪುತ್ತಾರೆ. ಭಯಪಟ್ಟವನು ನಿಧಾನವಾಗುತ್ತಾನೆ ಎಂದು ನಾವು ತಿಳಿಯುತ್ತೇವೆ. ಅವನು ಅವಸರ ಮಾಡುತ್ತಾನೆ.

ಓಡುವ ಚೆಂಡಿನ ಹಿಂದೆ ಬಿದ್ದವನಿಗೆ ಹೆದರಲು ಪುರುಸೊತ್ತಿಲ್ಲ. ಚೆಂಡು ನಿಂತಾಗ ಭಯ ಏಳುತ್ತದೆ. ಗಾಲ್ಫ್ ಎಂಬ ಆಟದಲ್ಲಿ ಚೆಂಡು ಯಾವಾಗಲೂ ನಿಂತೇ ಇರುತ್ತದೆ. ನಾಲ್ಕೈದು ಗಂಟೆಯ ಸುತ್ತಿನಲ್ಲಿ ನಿಜವಾಗಿ ಹೊಡೆಯುವ ಸಮಯ ಕೆಲವೇ ನಿಮಿಷ, ಉಳಿದದ್ದೆಲ್ಲ ನಡಿಗೆ ಮತ್ತು ಯೋಚನೆ. ಹವ್ಯಾಸಿಗಳ ಕೈ ನಡುಗುವ ಕಥೆಗಳು ಆ ಆಟದ ಸುತ್ತ ಇಷ್ಟೊಂದು ಹುಟ್ಟಿರುವುದು ಅದಕ್ಕೇ. ಜೀವಮಾನವಿಡೀ ಹವ್ಯಾಸಿಯಾಗಿಯೇ ಉಳಿದ ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಆಗಿನ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದರು. ಅಂಥವರಿಗೂ ಪಂದ್ಯದ ವಾರದಲ್ಲಿ ಊಟ ಸೇರುತ್ತಿರಲಿಲ್ಲ, ಮೈತೂಕ ಹಲವು ಕಿಲೋ ಇಳಿಯುತ್ತಿತ್ತು. ಅದೇ ವರ್ಷ, 28ನೇ ವಯಸ್ಸಿಗೆ, ಸ್ಪರ್ಧೆಗಳಿಂದ ದೂರ ಸರಿದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಗುಳಿಯವರೆಗೂ ಪದಕದ ಬಾಗಿಲಲ್ಲೇ ಇದ್ದು, ಒಂದೇ ಒಂದು ಹೊಡೆತದ ಅಂತರದಲ್ಲಿ ನಾಲ್ಕನೆಯವರಾದರು. ಚೀಲ ಹೊತ್ತು ಪಕ್ಕದಲ್ಲಿ ನಡೆದವರು ಅವರ ತಾಯಿ. ಗಾಲ್ಫ್ ಗಂಧ ಇಲ್ಲದ ಲಕ್ಷಾಂತರ ಮನೆಗಳಲ್ಲಿ ಅವತ್ತು ಬೆಳಗಿನ ಜಾವ ಜನ ಟಿವಿಯೆದುರು ಉಸಿರು ಹಿಡಿದು ಕೂತಿದ್ದರು.

ಕೊಲ್ಹಾಪುರ ಸೀಮೆಯ ಮಣ್ಣಿನಲ್ಲಿ ಗಾಲ್ಫ್ ಬೇರು ಬಿಟ್ಟಿಲ್ಲ. ಆದರೆ ಅದೇ ಜಾತಿಯ ಭಯ ಇಲ್ಲಿ ಮೂರು ನಾಲ್ಕು ವೇಷಗಳಲ್ಲಿ ಓಡಾಡುತ್ತದೆ.

ಇಚಲಕರಂಜಿಯಲ್ಲಿ ಅದು ಕಬಡ್ಡಿಯ ನಡುಗೆರೆಯ ಮೇಲೆ ನಿಲ್ಲುತ್ತದೆ. ಹಗಲೆಲ್ಲ ಪವರ್‌ಲೂಮಿನ ಖಟಖಟ ಕೇಳಿ ಕಿವಿ ಮರಗಟ್ಟಿದ ಹುಡುಗರು ರಾತ್ರಿ ದೀಪದ ಬೆಳಕಲ್ಲಿ ಕಣಕ್ಕಿಳಿಯುತ್ತಾರೆ. ದಾಳಿಗೆ 30 ಸೆಕೆಂಡು. ಗೆರೆ ದಾಟುವ ಮುನ್ನ ಕಾಲು ಭಾರ, ದಾಟಿದ ಮೇಲೆ ಏನೂ ಇಲ್ಲ, ಬಾಯಲ್ಲಿ ಕಬಡ್ಡಿ ಕಬಡ್ಡಿ ಮಾತ್ರ. ಉಸಿರನ್ನು ಒಂದೇ ಎಳೆಯಾಗಿ ಹೊರಬಿಡಲು ಹಚ್ಚುವ ಆ ಜಪವೇ ಎದೆಬಡಿತಕ್ಕೂ ಮದ್ದು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಈ ಊರಿನ ಮಗ್ಗದವರಿಂದ ಇನ್ನೊಂದನ್ನೂ ಕಲಿಯಬೇಕು. ನೂಲು ಕಡಿದರೆ ಅವರು ಮಗ್ಗ ನಿಲ್ಲಿಸುತ್ತಾರೆ, ಎಳೆಗೆ ಎಳೆ ಸೇರಿಸಿ ಗಂಟು ಹಾಕುತ್ತಾರೆ, ಮತ್ತೆ ಚಾಲೂ ಮಾಡುತ್ತಾರೆ. ಮಗ್ಗ ನಿಲ್ಲಿಸಿದ್ದಕ್ಕೆ ಯಾರೂ ನಾಚುವುದಿಲ್ಲ. ನಿಲ್ಲಿಸದೆ ಓಡಿಸಿದರೆ ಬಟ್ಟೆ ಕೆಡುತ್ತದೆ.

ಕೊಲ್ಹಾಪುರದಲ್ಲಿ ಭಯದ ಹಳೆಯ ಮನೆ ಖಾಸಬಾಗ್. 1902ರಲ್ಲಿ ಯುರೋಪಿಗೆ ಹೋದ ಶಾಹೂ ಮಹಾರಾಜರು ರೋಮಿನ ಬಯಲು ರಂಗಮಂದಿರವನ್ನು ಕಂಡು ಬಂದು ಕಟ್ಟಿಸಿದ ಕುಸ್ತಿ ಮೈದಾನ, 1912ರಲ್ಲಿ ಸಿದ್ಧವಾಯಿತು. ಎಲ್ಲಿ ಕೂತರೂ ನಡುವಿನ ಕೆಂಪು ಮಣ್ಣು ಕಾಣುವಂತೆ ಇಳಿಜಾರು. ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಕುಡಿದ ಮಣ್ಣಿನ ವಾಸನೆ ದೂರಕ್ಕೇ ತಟ್ಟುತ್ತದೆ. ದೊಡ್ಡ ಜೋಡಿ ಕೊನೆಗೆ. ಅದಕ್ಕಾಗಿ ಪೈಲ್ವಾನ ಮಧ್ಯಾಹ್ನದಿಂದ ಕಾಯಬೇಕು. ಹಲಗಿಯ ಬಡಿತ ಏರುತ್ತದೆ, ಸಣ್ಣ ಹುಡುಗರ ಜೋಡಿಗಳು ಒಂದೊಂದಾಗಿ ಮುಗಿಯುತ್ತವೆ, ಅವನು ಮೂಲೆಯಲ್ಲಿ ಟವೆಲ್ ಹೊದ್ದು ಕೂತಿರುತ್ತಾನೆ. ಮಾತಾಡಿಸಿದರೆ ಹೂಂ ಅನ್ನುತ್ತಾನೆ, ಕೇಳಿಸಿರುವುದಿಲ್ಲ. ನೂರು ಕಿಲೋ ಮೈಯೊಳಗೆ ಹೊಟ್ಟೆ ಮಗುವಿನದಾಗಿರುತ್ತದೆ. ಕೊನೆಗೆ ಹೆಸರು ಕರೆದಾಗ ಎದ್ದು, ಮಣ್ಣು ಮುಟ್ಟಿ ಹಣೆಗೆ ಹಚ್ಚಿ, ವಸ್ತಾದರ ಕಾಲು ಹಿಡಿದು, ತೊಡೆ ತಟ್ಟಿ ಸೆಡ್ಡು ಹೊಡೆಯುತ್ತಾನೆ. ಎದುರಾಳಿಯ ಅಂಗೈಗೆ ಮಣ್ಣು ಕೊಟ್ಟು ತಾನೂ ತೆಗೆದುಕೊಳ್ಳುತ್ತಾನೆ. ಇದೆಲ್ಲ ಬರಿಯ ಸಂಪ್ರದಾಯ ಎಂದು ನೋಡಿದವರು ಅರ್ಧವನ್ನಷ್ಟೇ ನೋಡಿದರು. ಸಾವಿರ ಸಲ ಮಾಡಿದ ಕೆಲಸವನ್ನು ಮೈ ತಾನಾಗಿ ಮಾಡತೊಡಗಿದಾಗ ಮನಸ್ಸಿಗೆ ಅದರ ಹಿಂದೆ ಹೋಗುವ ದಾರಿ ಸಿಗುತ್ತದೆ. ನಮ್ಮ ಚಿಕ್ಕೋಡಿ ಕಡೆಯ ಎಕ್ಸಂಬಾದಿಂದ ಬಂದು ಕೊಲ್ಹಾಪುರದ ಶಾಹೂಪುರಿ ತಾಲೀಮಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆ 1959ರಲ್ಲಿ ದಿಲ್ಲಿಯಲ್ಲಿ ಬಂತಾ ಸಿಂಗ್ ಅವರನ್ನು ಸೋಲಿಸಿ ಮೊದಲ ಹಿಂದ್ ಕೇಸರಿಯಾದರು. ಆ ಅಪರಿಚಿತ ಊರಿನ ಕಣದಲ್ಲೂ ತೊಡೆ ತಟ್ಟುವ ಸದ್ದಾದರೂ ಮನೆಯದೇ ಆಗಿತ್ತು.

ಕುಸ್ತಿಯವನಿಗೆ ಒಂದು ಅನುಕೂಲ ಉಂಟು. ಕೈಗೆ ಕೈ ತಾಗಿದೊಡನೆ ಭಯಕ್ಕೆ ಮಾಡಲು ಕೆಲಸ ಸಿಗುತ್ತದೆ. ಉಕ್ಕಿದ ರಕ್ತ ತೋಳಿಗೆ, ತೊಡೆಗೆ ಹೋಗುತ್ತದೆ. ಬಂದೂಕು ಹಿಡಿದವರಿಗೆ ಆ ದಾರಿಯೂ ಇಲ್ಲ. ಅದೇ ಉಕ್ಕು, ಅದೇ ಬಡಿತ, ಆದರೆ ಅಲುಗಬಾರದು.

ಕುಸ್ತಿಯ ಈ ಊರು ಒಂದು ತಲೆಮಾರಿನೊಳಗೆ ಬಂದೂಕಿನ ಊರೂ ಆದದ್ದು ನನಗೆ ಇಂದಿಗೂ ಬೆರಗು. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ಮಲಗಿ ಹೊಡೆಯುವ 50 ಮೀಟರ್ ರೈಫಲ್ ಪ್ರೋನ್‌ನಲ್ಲಿ 600ಕ್ಕೆ 597 ಹೊಡೆದು ವಿಶ್ವ ಚಾಂಪಿಯನ್ ಆದರು. ಅದೇ ವರ್ಷದ ಮೊದಲಲ್ಲಿ ತಂದೆಯನ್ನು ಕಳೆದುಕೊಂಡಿದ್ದರು. ರಾಹಿ ಸರ್ನೋಬತ್ ಪಿಸ್ತೂಲಿನಲ್ಲಿ, ಸ್ವಪ್ನಿಲ್ ಕುಸಾಳೆ ಮತ್ತೆ ರೈಫಲ್‌ನಲ್ಲಿ. ಮೂವರೂ ಈ ಜಿಲ್ಲೆಯ ಮಕ್ಕಳು.

ಕೊಲ್ಹಾಪುರದ ದುಧಾಳಿಯ ಶೂಟಿಂಗ್ ರೇಂಜಿನಲ್ಲಿ ಬೆಳಗ್ಗೆ ಹತ್ತು ಮೀಟರಿನ ಸಾಲು ನೋಡಬೇಕು. ಹನ್ನೆರಡು ಹದಿಮೂರರ ಮಕ್ಕಳು ಮೈಗಿಂತ ದಪ್ಪದ ಜಾಕೆಟ್ ತೊಟ್ಟು, ಅಗಲ ಅಡಿಯ ಬೂಟಿನಲ್ಲಿ ಹೆಜ್ಜೆ ಕಿತ್ತಿಡುತ್ತ ಬಂದು ತಮ್ಮ ತಮ್ಮ ಜಾಗಕ್ಕೆ ನಿಲ್ಲುತ್ತಾರೆ. ಏರ್ ರೈಫಲ್‌ನ ಗುರಿಹಲಗೆಯಲ್ಲಿ ಹತ್ತರ ಚುಕ್ಕೆ ಬರೇ ಅರ್ಧ ಮಿಲಿಮೀಟರು. ಸ್ವಪ್ನಿಲ್ ಆಡುವ 50 ಮೀಟರಿನಲ್ಲಿ 10.4 ಮಿಲಿಮೀಟರು. ಅಷ್ಟು ದೂರಕ್ಕೆ ಎದೆಯ ಒಂದು ಬಡಿತವೇ ನಳಿಗೆಯ ತುದಿಯನ್ನು ಅಲುಗಿಸಬಲ್ಲದು. ಅದಕ್ಕೇ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳು ಶೂಟಿಂಗ್‌ನಲ್ಲಿ ಎಲ್ಲ ಕಾಲಕ್ಕೂ ನಿಷಿದ್ಧ, ಗಾಲ್ಫ್‌ನಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧ. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಇಂಥ ಮಾತ್ರೆಗಾಗಿಯೇ ಎರಡು ಪದಕ ಕಳೆದುಕೊಂಡರು. ಎರಡೂ ಆಟಗಳ ನಿಯಮ ಬರೆದವರು ಒಂದು ಮಾತನ್ನು ಒಪ್ಪಿಕೊಂಡಿದ್ದಾರೆ: ನಡುಕದೊಂದಿಗೆ ಏಗುವುದೂ ಆಟದ ಭಾಗ, ಅದನ್ನು ಮಾತ್ರೆ ನುಂಗಿ ತಪ್ಪಿಸಿಕೊಳ್ಳುವಂತಿಲ್ಲ.

ಹಾಗಾದರೆ ಆ ಮಕ್ಕಳು ಮಾಡುವುದೇನು? ಬಂದೂಕು ಎತ್ತುತ್ತಾರೆ, ಕೆನ್ನೆ ಒರಗಿಸುತ್ತಾರೆ, ಎರಡು ಮೂರು ಉಸಿರು ತೆಗೆದು, ಕೊನೆಯದನ್ನು ಅರ್ಧದವರೆಗೆ ಬಿಟ್ಟು ತಡೆಯುತ್ತಾರೆ. ಉಸಿರು ತಡೆದ ಏಳೆಂಟು ಸೆಕೆಂಡುಗಳಲ್ಲಿ ಗುರಿ ಕೂಡಬೇಕು, ಟ್ರಿಗರ್ ಒತ್ತಬೇಕು. ಅದು ಮೀರಿದರೆ ಕಣ್ಣಿಗೆ ಆಯಾಸ, ತೋಳಿಗೆ ನಡುಕ. ಆಗ ಮಾಡುವ ಕೆಲಸವೇ ನನ್ನ ಕಣ್ಣಲ್ಲಿ ಈ ವಿದ್ಯೆಯ ತಿರುಳು: ಗುಂಡು ಹಾರಿಸದೆ ಬಂದೂಕನ್ನು ಕೆಳಗಿಳಿಸುವುದು. ಸುಮ್ಮನೆ ಇಳಿಸಿ, ಕಣ್ಣು ಬೇರೆಡೆ ತಿರುಗಿಸಿ, ಕಾಲಿನ ಭಾರ ಸರಿಮಾಡಿಕೊಂಡು ಮೊದಲಿಂದ ಶುರುಮಾಡುವುದು. ಕೇಳಲು ಸುಲಭ. ಆದರೆ ಪಕ್ಕದವರ ಗುಂಡುಗಳು ಟಪ್ ಟಪ್ ಹೋಗುತ್ತಿವೆ, ಗಡಿಯಾರ ಓಡುತ್ತಿದೆ, ಬೆನ್ನ ಹಿಂದೆ ಅಪ್ಪ ನಿಂತಿದ್ದಾರೆ. ಎತ್ತಿದ ಬಂದೂಕನ್ನು ಹಾರಿಸದೆ ಇಳಿಸಲು ಹಾರಿಸುವುದಕ್ಕಿಂತ ಹೆಚ್ಚಿನ ಗಟ್ಟಿತನ ಬೇಕು. ಗಡಹಿಂಗ್ಲಜದ ಆ ಹುಡುಗನಿಗೆ ಚೆಂಡು ಇನ್ನೊಮ್ಮೆ ಇಡು ಅಂದದ್ದೂ ಇದೇ. ಗಾಲ್ಫ್‌ನಲ್ಲೂ ಬಲ್ಲವರು ಮನಸ್ಸು ಕದಡಿದರೆ ಚೆಂಡಿನಿಂದ ಹಿಂದೆ ಸರಿದು ನಿಂತು ಮತ್ತೆ ಬರುತ್ತಾರೆ.

ರಾಹಿಯ 25 ಮೀಟರ್ ಪಿಸ್ತೂಲಿನ ವೇಗದ ಹಂತದಲ್ಲಂತೂ ಇದು ನಿಯಮವೇ ಆಗಿದೆ. ಗುರಿ ತೆರೆದಿರುವುದು 3 ಸೆಕೆಂಡು. ನಡುವಿನ 7 ಸೆಕೆಂಡು ಕೈ ಕೆಳಗಿಳಿಸಿಯೇ ಇರಬೇಕು. 2018ರ ಆಗಸ್ಟ್ 22ರಂದು ಪಾಲೆಂಬಾಂಗ್‌ನ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ರಾಹಿ ಮತ್ತು ಥಾಯ್ಲೆಂಡಿನ ನಾಪಸ್ವಾನ್ ಯಾಂಗ್‌ಪೈಬೂನ್ ಇಬ್ಬರೂ 34ಕ್ಕೆ ನಿಂತರು. ಶೂಟ್‌ಆಫ್ 4–4. ಮತ್ತೊಂದು ಶೂಟ್‌ಆಫ್. ಐದರಲ್ಲಿ ರಾಹಿಗೆ ಮೂರು, ಎದುರಾಳಿಗೆ ಎರಡು. ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ. ಆ ಕೊನೆಯ ಐದರಲ್ಲಿ ರಾಹಿಯೂ ಎರಡು ತಪ್ಪಿದರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ತಪ್ಪಿದ ಮೇಲೂ ಕೈ ಇಳಿಸಿ ಮುಂದಿನದಕ್ಕೆ ಸಿದ್ಧರಾದರು.

ಸ್ವಪ್ನಿಲ್ ಕಥೆ ಇನ್ನೂ ನೋವಿನದು. ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯ ಶಿಕ್ಷಕರ ಮಗ, ಆಗ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದವರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಮುಂಚೂಣಿಯಲ್ಲಿದ್ದವರು ಕೊನೆಯ ಹಂತದಲ್ಲಿ ಒಂದು ಗುಂಡು 7.6 ಹೊಡೆದು ನಾಲ್ಕನೆಯ ಸ್ಥಾನಕ್ಕೆ ಜಾರಿದರು. ಅದಕ್ಕೂ ಮುಂಚೆ, 2022ರಲ್ಲಿ, ಕೈರೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ನಾಲ್ಕನೆಯವರೇ. 2024ರ ಆಗಸ್ಟ್ 1ರ ಬೆಳಗ್ಗೆ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ಗೆ ಬರುವಾಗ ಹೊಟ್ಟೆಯಲ್ಲಿದ್ದದ್ದು ಕರಿ ಚಹಾ ಮಾತ್ರ. ಎದೆ ಜೋರಾಗಿ ಬಡಿಯುತ್ತಿತ್ತು, ಉಸಿರಿನ ಮೇಲೆ ಗಮನವಿಟ್ಟೆ, ಬೇರೇನೂ ಹೊಸದು ಮಾಡಲಿಲ್ಲ ಎಂಬರ್ಥದಲ್ಲಿ ಆಮೇಲೆ ಅವರೇ ಹೇಳಿದರು. ಮಂಡಿಯೂರಿದ ಹಂತ ಮುಗಿದಾಗ ಆರನೆಯವರು, ಮಲಗಿ ಹೊಡೆಯುವ ಹಂತದ ಕೊನೆಗೆ ಐದನೆಯವರು, ನಿಂತು ಹೊಡೆಯುವ ಅತಿ ಕಷ್ಟದ ಹಂತದಲ್ಲಿ ಮೂರನೆಯವರು. 451.4 ಅಂಕ, ಕಂಚು. ಮೂರು ಭಂಗಿಗಳ ಈ 50 ಮೀಟರ್ ರೈಫಲ್ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ.

ಆವತ್ತಿನಿಂದ ಕೊಲ್ಹಾಪುರದ ರೇಂಜುಗಳಿಗೆ ಬರುವ ಮಕ್ಕಳು ಹೆಚ್ಚಿದ್ದಾರೆ, ಜೊತೆಗೆ ಅಪ್ಪ ಅಮ್ಮಂದಿರೂ. ಜಾಕೆಟ್‌ಗೆ, ಪೆಲೆಟ್‌ಗೆ ಸಾಲ ಮಾಡಿದವರಿದ್ದಾರೆ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಪ್ರತಿ ಗುಂಡಿಗೂ ಪರದೆ ನೋಡಿ ಹಣೆ ಚಚ್ಚಿಕೊಳ್ಳುವ ತಂದೆಯರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮಗುವಿನ ಬೆನ್ನಿಗೆ ಕಣ್ಣಿರುತ್ತದೆ. ಬೆನ್ನಿಗೆ ನಾಟುವ ಆ ನೋಟ ಬೆರಳನ್ನು ಅವಸರಪಡಿಸುತ್ತದೆ, ಇಳಿಸಬೇಕಾದ ಬಂದೂಕು ಹಾರಿಬಿಡುತ್ತದೆ.

ಪಂದ್ಯ ಮುಗಿಸಿ ಜಾಕೆಟ್ಟಿನ ಗುಂಡಿ ಬಿಚ್ಚುತ್ತ ಬಂದ ಹುಡುಗಿಯೊಬ್ಬಳನ್ನು ತಂದೆ ಕನ್ನಡದಲ್ಲೇ ಕೇಳುತ್ತಿದ್ದರು: ‘ಎಷ್ಟಾತವ್ವಾ?’

‘ಅಂಕ ನೋಡಿಲ್ಲಪ್ಪಾ. ಒಂಬತ್ತು ಸಲ ಇಳಿಸೇನಿ.’

ತಂದೆಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಕೋಚ್ ಕೈಲಿದ್ದ ಪಟ್ಟಿ ಮಡಚಿ ಜೇಬಿಗಿಟ್ಟು, ಅವರನ್ನು ಚಹಾದಂಗಡಿಯ ಕಡೆ ಕರೆದುಕೊಂಡು ಹೋಗುತ್ತ ವಿವರಿಸತೊಡಗಿದರು.